ರಕ್ತ ಬೇಕಾದಾಗ: ಘಟಕ, ಗುಂಪು, ಹೊಂದಾಣಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಾಗಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಾಗಲಿ ರಕ್ತದ ಪ್ರಶ್ನೆ ಎದ್ದಾಗ ಅದರಲ್ಲಿ ಅರ್ಧ ವೈದ್ಯಕೀಯ, ಇನ್ನರ್ಧ ದಾರಿಯದು. ಎರಡನ್ನೂ ಸೇರಿಸಿಯೇ ಇಲ್ಲಿ ಉತ್ತರಿಸಿದ್ದೇವೆ. ನಿಮ್ಮ ರೋಗಿಯ ವಿಷಯದಲ್ಲಿ ಚಿಕಿತ್ಸೆ ಕೊಡುತ್ತಿರುವ ವೈದ್ಯರ ಮಾತೇ ಅಂತಿಮ.

ಆಸ್ಪತ್ರೆಯವರು "ಎರಡು ಯುನಿಟ್ ರಕ್ತಕ್ಕೆ ವ್ಯವಸ್ಥೆ ಮಾಡ್ಕೊಳ್ಳಿ" ಅಂದರು. ಮೊದಲು ಏನು ಮಾಡಬೇಕು?

ವಾಟ್ಸಾಪ್‌ನಲ್ಲಿ "ಅರ್ಜೆಂಟ್ ರಕ್ತ ಬೇಕಾಗಿದೆ" ಎಂದು ಹಾಕುವ ಮೊದಲು ವಾರ್ಡಿನಲ್ಲಿ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ. ಬೇಕಾಗಿರುವುದು ಕೆಂಪು ರಕ್ತಕಣವೋ, ಪ್ಲೇಟ್‌ಲೆಟ್ಟೋ, ಪ್ಲಾಸ್ಮಾವೋ? ಎಷ್ಟು ಯುನಿಟ್? ಈಗಲೇ ಬೇಕೋ, ನಾಳೆ ಆಪರೇಷನ್‌ಗೆ ಇರಲಿ ಎಂದೋ? ರೋಗಿಯ ರಕ್ತದ ಮಾದರಿ ಮತ್ತು ವೈದ್ಯರ ಸಹಿ ಇರುವ ಬೇಡಿಕೆ ಪತ್ರ ರಕ್ತ ಕೇಂದ್ರಕ್ಕೆ (ಬ್ಲಡ್ ಬ್ಯಾಂಕಿಗೆ) ಹೋಗಿದೆಯೋ?

ಮಾದರಿ ಹೋಗದೆ ಯಾವ ಕೆಲಸವೂ ಮುಂದುವರಿಯುವುದಿಲ್ಲ. ಹತ್ತು ಜನ ದಾನಿಗಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದು ನಿಂತರೂ, ಆ ಚಿಕ್ಕ ಟ್ಯೂಬು ಇನ್ನೂ ವಾರ್ಡಿನ ಟ್ರೇಯಲ್ಲೇ ಇದ್ದರೆ ರಕ್ತ ಸಿಗುವುದಿಲ್ಲ. ಮೊದಲು ಮಾದರಿ ಕಳಿಸಿ, ಆಮೇಲೆ ರಕ್ತ ಕೇಂದ್ರದ ಕಪಾಟಿನಲ್ಲಿ ಆ ಗುಂಪು ಇದೆಯೇ ಎಂದು ಕೇಳಿ. ಅಲ್ಲಿ ಇಲ್ಲದಿದ್ದರೆ ಮಾತ್ರ ದಾನಿಯ ಹುಡುಕಾಟ. ಸರ್ಕಾರದ ಇ-ರಕ್ತಕೋಶ ಜಾಲತಾಣದಲ್ಲಿ ಯಾವ ಕೇಂದ್ರದಲ್ಲಿ ಯಾವ ಗುಂಪು ಇದೆ ಎಂಬ ಪಟ್ಟಿ ಸಿಗುತ್ತದೆ. ಆದರೂ ಹೊರಡುವ ಮೊದಲು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ರಕ್ತದಲ್ಲಿ ಏನೇನಿದೆ?

ವಯಸ್ಕರ ಮೈಯಲ್ಲಿ ಕಿಲೋ ತೂಕಕ್ಕೆ ಸುಮಾರು 70 ಮಿ.ಲೀ. ರಕ್ತ ಇರುತ್ತದೆ. 60 ಕಿಲೋದವರಲ್ಲಿ ನಾಲ್ಕು ಲೀಟರಿಗೆ ತುಸು ಹೆಚ್ಚು. ಅದರಲ್ಲಿ ಶೇ. 55ರಷ್ಟು ಪ್ಲಾಸ್ಮಾ ಎಂಬ ತಿಳಿ ಹಳದಿ ದ್ರವ, ಉಳಿದದ್ದು ಕಣಗಳು. ಕೆಂಪು ಕಣ ಹಿಮೋಗ್ಲೋಬಿನ್ ಮೂಲಕ ಆಮ್ಲಜನಕ ಹೊರುತ್ತದೆ, ಸುಮಾರು 120 ದಿನ ಬದುಕುತ್ತದೆ. ಬಿಳಿ ಕಣ ಸೋಂಕಿನ ವಿರುದ್ಧ ಕೆಲಸ ಮಾಡುತ್ತದೆ. ಪ್ಲೇಟ್‌ಲೆಟ್ ಗಾಯದ ಬಾಯಿಗೆ ಮೊದಲು ಅಂಟಿಕೊಂಡು ರಕ್ತ ನಿಲ್ಲಿಸುತ್ತದೆ. ಅದರ ಆಯಸ್ಸು ವಾರದಿಂದ ಹತ್ತು ದಿನ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಇರುವುದು ಪ್ಲಾಸ್ಮಾದಲ್ಲಿ.

ಡೆಂಗ್ಯೂ ಬಂದಾಗ "ಬಿಳಿ ರಕ್ತಕಣ ಇಳಿದಿದೆ, ಬಿಳಿ ರಕ್ತ ಹಾಕಬೇಕಂತೆ" ಎಂದು ಹೇಳುವವರು ಬಹಳ. ಹಾಕುವುದು ಪ್ಲೇಟ್‌ಲೆಟ್. ಬಿಳಿ ಕಣ ಬೇರೆಯದೇ, ಅದನ್ನು ಹಾಗೆ ಏರಿಸುವುದಿಲ್ಲ. ದಾನಿಗೆ ಫೋನ್ ಮಾಡುವಾಗ ಈ ಗೊಂದಲದಿಂದ ಅರ್ಧ ದಿನ ಹಾಳಾಗುತ್ತದೆ.

ಒಬ್ಬರು ಕೊಟ್ಟ ರಕ್ತ ಮೂವರಿಗೆ ಆಗುತ್ತದೆ ಅನ್ನುತ್ತಾರೆ, ಹೇಗೆ?

ದಾನಿಯ ತೂಕ 45 ಕಿಲೋ ದಾಟಿದ್ದರೆ 350 ಮಿ.ಲೀ., 55 ದಾಟಿದ್ದರೆ 450 ಮಿ.ಲೀ. ತೆಗೆಯುತ್ತಾರೆ. ಬ್ಯಾಗಿನೊಳಗೆ ಹೆಪ್ಪುರೋಧಕ ದ್ರಾವಣ ಮೊದಲೇ ಇರುತ್ತದೆ, 350ರ ಬ್ಯಾಗಿನಲ್ಲಿ 49 ಮಿ.ಲೀ., 450ರದ್ದರಲ್ಲಿ 63 ಮಿ.ಲೀ. ರಕ್ತ ಇಳಿಯುವಾಗ ಬ್ಯಾಗನ್ನು ಸಣ್ಣ ಯಂತ್ರ ತೂಗುತ್ತಲೇ ಇರುವುದು ರಕ್ತ ಆ ದ್ರಾವಣದ ಜೊತೆ ಚೆನ್ನಾಗಿ ಬೆರೆಯಲಿ ಎಂದು. ಬೆರೆಯದಿದ್ದರೆ ಒಳಗೇ ಹೆಪ್ಪಿನ ಎಳೆ ಕಟ್ಟಿ ಇಡೀ ಬ್ಯಾಗು ದಂಡ.

ಘಟಕಗಳಾಗಿ ಬೇರ್ಪಡಿಸಲು ಮುಖ್ಯ ಬ್ಯಾಗಿಗೆ ಖಾಲಿ ಚೀಲಗಳು ಕೊಳವೆಯಿಂದ ಜೋಡಿಕೊಂಡಿರುತ್ತವೆ. ಇದನ್ನು ಶೀತಲ ಸೆಂಟ್ರಿಫ್ಯೂಜಿನಲ್ಲಿ ಹದವಾಗಿ ತಿರುಗಿಸಿದರೆ ಭಾರದ ಕೆಂಪು ಕಣ ಕೆಳಗೆ ಕೂರುತ್ತದೆ, ಮೇಲೆ ಪ್ಲೇಟ್‌ಲೆಟ್ ತುಂಬಿದ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಆ ಮೇಲಿನದನ್ನು ಒತ್ತಿ ಎರಡನೇ ಚೀಲಕ್ಕೆ ಹರಿಸಿ, ಇನ್ನೊಮ್ಮೆ ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ತಳಕ್ಕಿಳಿಯುತ್ತದೆ. ಉಳಿದ ಪ್ಲಾಸ್ಮಾ ಮೂರನೇ ಚೀಲಕ್ಕೆ. ರಕ್ತ ತೆಗೆದ ಕೆಲವೇ ಗಂಟೆಗಳಲ್ಲಿ ಇದು ಮುಗಿಯಬೇಕು. ತಡವಾದರೆ, ಇಲ್ಲವೇ ಬ್ಯಾಗು ಮೊದಲೇ ಫ್ರಿಜ್ ಸೇರಿದ್ದರೆ, ಪ್ಲೇಟ್‌ಲೆಟ್ ಕೈಬಿಟ್ಟಂತೆಯೇ. ಹಳ್ಳಿಯ ಶಿಬಿರದಲ್ಲಿ ಸಂಗ್ರಹಿಸಿದ ರಕ್ತದಿಂದ ಪ್ಲೇಟ್‌ಲೆಟ್ ಯಾವಾಗಲೂ ಸಿಗದಿರಲು ಇದೇ ಕಾರಣ.

ಇಡುವ ರೀತಿಯೂ ಒಂದೊಂದಕ್ಕೆ ಒಂದೊಂದು. ಕೆಂಪು ಕಣ 2ರಿಂದ 6 ಡಿಗ್ರಿಯಲ್ಲಿ 35 ದಿನ, ಪೋಷಕ ದ್ರಾವಣ ಸೇರಿಸಿದ್ದರೆ 42 ದಿನ. ಪ್ಲೇಟ್‌ಲೆಟ್ 20ರಿಂದ 24 ಡಿಗ್ರಿಯಲ್ಲಿ, ನಿಲ್ಲದೆ ಅಲುಗಾಡುವ ತಟ್ಟೆಯ ಮೇಲೆ, ಬರೀ 5 ದಿನ. ಪ್ಲಾಸ್ಮಾ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿದರೆ ಒಂದು ವರ್ಷ.

ಎ, ಬಿ, ಎಬಿ, ಓ ಅಂದರೆ ನಿಜಕ್ಕೂ ಏನು?

ಕೆಂಪು ಕಣದ ಮೈಮೇಲೆ ಸಕ್ಕರೆಯ ಅಣುಗಳಿಂದಾದ ಗುರುತುಗಳಿವೆ. ಎ ಗುರುತಿದ್ದರೆ ಎ ಗುಂಪು, ಬಿ ಇದ್ದರೆ ಬಿ, ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಓ. ನಮ್ಮ ಕಣದ ಮೇಲೆ ಯಾವ ಗುರುತು ಇಲ್ಲವೋ ಅದರ ವಿರುದ್ಧದ ಪ್ರತಿಕಾಯ (ಆ ಗುರುತಿಗೆ ಅಂಟಿ ದಾಳಿ ಮಾಡುವ ಪ್ರೋಟೀನು, ಆಂಟಿಬಾಡಿ) ನಮ್ಮ ಪ್ಲಾಸ್ಮಾದಲ್ಲಿ ಎಳವೆಯಲ್ಲೇ ಸಿದ್ಧವಾಗಿರುತ್ತದೆ. ಮೊದಲು ಯಾರ ರಕ್ತವನ್ನೂ ಪಡೆದಿರಬೇಕೆಂದಿಲ್ಲ. ಹಾಗಾಗಿ ತಪ್ಪು ಗುಂಪಿನ ಮೊದಲ ಬ್ಯಾಗೇ ಅಪಾಯ ತರುತ್ತದೆ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಇದನ್ನು 1901ರಲ್ಲಿ ಪ್ರಕಟಿಸಿದರು, 1930ರಲ್ಲಿ ಅವರಿಗೆ ನೊಬೆಲ್ ಬಂತು.

ಯಾರ ಕೆಂಪು ಕಣ ಯಾರಿಗೆ ಆಗುತ್ತದೆ?

ಓ ಗುಂಪಿನ ರೋಗಿಗೆ ಓ ಮಾತ್ರ.
ಎ ಗುಂಪಿನವರಿಗೆ ಎ, ಇಲ್ಲದಿದ್ದರೆ ಓ.
ಬಿ ಗುಂಪಿನವರಿಗೆ ಬಿ, ಇಲ್ಲದಿದ್ದರೆ ಓ.
ಎಬಿ ಗುಂಪಿನವರಿಗೆ ಎಬಿ, ಅದು ಸಿಗದಿದ್ದರೆ ಎ ಅಥವಾ ಬಿ, ಕೊನೆಗೆ ಓ.

ಓ ಎಲ್ಲರಿಗೂ ಆಗುತ್ತದೆಂದು ಎಲ್ಲರೂ ಓ ಗುಂಪಿನವರನ್ನೇ ಹುಡುಕುವುದು ಸರಿಯಲ್ಲ. ಓ ರೋಗಿಗೆ ಬೇರೆ ದಾರಿಯೇ ಇಲ್ಲ. ಬಿ ರೋಗಿಗೆ ಬಿ ಇರುವಾಗ ಓ ಬಳಸಿದರೆ ಮರುದಿನ ಬರುವ ಓ ಬಾಣಂತಿಗೆ ಕಪಾಟು ಖಾಲಿ.

ಪ್ಲಾಸ್ಮಾಕ್ಕೂ ಇದೇ ನಿಯಮವೇ?

ತದ್ವಿರುದ್ಧ. ಕೆಂಪು ಕಣ ಏರಿಸುವಾಗ ನೋಡುವುದು ಕಣದ ಗುರುತನ್ನು, ಪ್ಲಾಸ್ಮಾ ಏರಿಸುವಾಗ ನೋಡುವುದು ಅದರೊಳಗಿನ ಪ್ರತಿಕಾಯವನ್ನು. ಎಬಿ ಪ್ಲಾಸ್ಮಾದಲ್ಲಿ ಎರಡೂ ಪ್ರತಿಕಾಯ ಇಲ್ಲ, ಅದು ಎಲ್ಲರಿಗೂ ಆಗುತ್ತದೆ. ಓ ಪ್ಲಾಸ್ಮಾದಲ್ಲಿ ಎರಡೂ ಇವೆ, ಅದು ಓ ರೋಗಿಗೆ ಮಾತ್ರ. ಎ ಪ್ಲಾಸ್ಮಾ ಎ ಮತ್ತು ಓ ರೋಗಿಗೆ, ಬಿ ಪ್ಲಾಸ್ಮಾ ಬಿ ಮತ್ತು ಓ ರೋಗಿಗೆ. "ಓ ಅಂದ್ರೆ ಸರ್ವದಾನಿ" ಎಂಬ ಶಾಲೆಯ ಪಾಠ ಇಲ್ಲಿ ನಡೆಯುವುದಿಲ್ಲ.

ಪ್ಲೇಟ್‌ಲೆಟ್ ಅದೇ ಗುಂಪಿನದಾದರೆ ಒಳ್ಳೆಯದು. ಚೀಲದಲ್ಲಿ ಪ್ಲಾಸ್ಮಾ ಕಡಿಮೆ ಇರುವುದರಿಂದ ತುರ್ತಿನಲ್ಲಿ ಬೇರೆ ಗುಂಪಿನದನ್ನೂ ವೈದ್ಯರ ನಿರ್ಧಾರದ ಮೇಲೆ ಕೊಡುತ್ತಾರೆ.

ಪಾಸಿಟಿವ್, ನೆಗೆಟಿವ್ ಅಂದರೆ?

ಆರ್‌ಎಚ್ ವ್ಯವಸ್ಥೆಯ ಡಿ ಎಂಬ ಗುರುತು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಜನ ಮಾತ್ರ ನೆಗೆಟಿವ್. ಡಿ ವಿರುದ್ಧದ ಪ್ರತಿಕಾಯ ಹುಟ್ಟಿನಿಂದ ಇರುವುದಿಲ್ಲ. ನೆಗೆಟಿವ್ ವ್ಯಕ್ತಿಯ ಮೈಗೆ ಪಾಸಿಟಿವ್ ಕಣ ಹೊಕ್ಕ ಮೇಲೆ ತಯಾರಾಗುತ್ತದೆ. ಹಾಗಾಗಿ ನೆಗೆಟಿವ್ ರೋಗಿಗೆ ನೆಗೆಟಿವ್ ರಕ್ತವೇ ನಿಯಮ. ಪಾಸಿಟಿವ್ ರೋಗಿಗೆ ಎರಡೂ ಆಗುತ್ತದೆ.

ಜೀವ ಹೋಗುವ ಹೊತ್ತಿನಲ್ಲಿ ಓ ನೆಗೆಟಿವ್ ಸಿಗದಿದ್ದರೆ ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಓ ಪಾಸಿಟಿವ್ ಹಾಕಿ ಜೀವ ಉಳಿಸುವುದುಂಟು, ಪ್ರತಿಕಾಯ ಮೊದಲೇ ತಯಾರಾಗಿಲ್ಲದಿದ್ದರೆ. ಹೆಣ್ಣುಮಕ್ಕಳಿಗೆ, ಮುಂದೆ ಮಗು ಆಗಬೇಕಾದವರಿಗೆ ಹಾಗೆ ಮಾಡದಿರಲು ಆದಷ್ಟು ಪ್ರಯತ್ನಿಸುತ್ತಾರೆ.

ಗರ್ಭಿಣಿ ನೆಗೆಟಿವ್, ಗಂಡ ಪಾಸಿಟಿವ್. ಏನು ಮಾಡಬೇಕು?

ಮೊದಲ ತಪಾಸಣೆಯಲ್ಲೇ ಇಂಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಮಾಡಿಸಿ. ತಾಯಿಯ ಮೈಯಲ್ಲಿ ಡಿ ವಿರುದ್ಧ ಪ್ರತಿಕಾಯ ಇದೆಯೇ ಎಂದು ಅದು ಹೇಳುತ್ತದೆ. ಇಲ್ಲದಿದ್ದರೆ 28ನೇ ವಾರದಲ್ಲಿ 300 ಮೈಕ್ರೋಗ್ರಾಂ ಆಂಟಿ-ಡಿ ಚುಚ್ಚುಮದ್ದು, ಮಗು ಪಾಸಿಟಿವ್ ಎಂದಾದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಂದು. ಗರ್ಭಪಾತವಾದರೂ, ಹೊಟ್ಟೆಗೆ ಪೆಟ್ಟು ಬಿದ್ದರೂ ಈ ಚುಚ್ಚುಮದ್ದಿನ ವಿಷಯ ಕೇಳಲೇಬೇಕು. ತಪ್ಪಿಹೋಗುವುದು ಹೆಚ್ಚಾಗಿ ಅಲ್ಲೇ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ತಯಾರಾದ ಪ್ರತಿಕಾಯ ಮುಂದಿನ ಬಸುರಿನಲ್ಲಿ ಮಗುವಿನ ಕೆಂಪು ಕಣ ಒಡೆಯುತ್ತದೆ.

ಇಂಥ ಹೆರಿಗೆ ಮಳೆಗಾಲದಲ್ಲಿದ್ದರೆ ಯಾವ ಆಸ್ಪತ್ರೆ, ನೆಗೆಟಿವ್ ರಕ್ತ ಎಲ್ಲಿಂದ ಬರುತ್ತದೆ ಎಂಬುದನ್ನು ಎಂಟನೇ ತಿಂಗಳಲ್ಲೇ ಗೊತ್ತುಮಾಡಿಕೊಂಡಿರಿ.

ಗುಂಪಿನ ಕಾರ್ಡ್ ಇದೆ. ಮತ್ತೆ ಯಾಕೆ ಪರೀಕ್ಷೆ?

ಕಾರ್ಡು, ಡ್ರೈವಿಂಗ್ ಲೈಸೆನ್ಸಿನ ಮೇಲಿನ ಬರಹ ನಂಬಿ ಯಾವ ರಕ್ತ ಕೇಂದ್ರವೂ ರಕ್ತ ಕೊಡುವುದಿಲ್ಲ, ಕೊಡಬಾರದು. ಗುಂಪನ್ನು ಎರಡು ಕಡೆಯಿಂದ ನೋಡುತ್ತಾರೆ. ರೋಗಿಯ ಕಣಕ್ಕೆ ಗೊತ್ತಿರುವ ಪ್ರತಿಕಾಯ ಹಾಕಿ ಒಮ್ಮೆ, ರೋಗಿಯ ಸೀರಂಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ) ಗೊತ್ತಿರುವ ಕಣ ಹಾಕಿ ಇನ್ನೊಮ್ಮೆ. ಎರಡೂ ಒಂದೇ ಉತ್ತರ ಹೇಳಬೇಕು. ಆಮೇಲೆ ಕ್ರಾಸ್‌ಮ್ಯಾಚ್: ಕೊಡಲಿರುವ ಬ್ಯಾಗಿನ ಕಣವನ್ನು ರೋಗಿಯ ಸೀರಂ ಜೊತೆ ಸೇರಿಸಿ, 37 ಡಿಗ್ರಿಯಲ್ಲಿಟ್ಟು, ಗಂಟುಕಟ್ಟುತ್ತದೆಯೇ ಎಂದು ನೋಡುವುದು. ಪೂರ್ತಿ ಕ್ರಾಸ್‌ಮ್ಯಾಚಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಒಂದೇ ಗುಂಪಿನ ಎರಡು ರಕ್ತ ಕೂಡ ಕೆಲವೊಮ್ಮೆ ಹೊಂದುವುದಿಲ್ಲ, ಏಕೆಂದರೆ ಎಬಿಓ, ಡಿ ಬಿಟ್ಟು ಕೆಲ್, ಡಫಿ, ಕಿಡ್ ಮೊದಲಾದ ಬೇರೆ ಗುರುತುಗಳೂ ಇವೆ. ಹಿಂದೆ ರಕ್ತ ಪಡೆದವರಲ್ಲಿ, ಹಲವು ಬಾರಿ ಹೆತ್ತವರಲ್ಲಿ ಅವುಗಳ ವಿರುದ್ಧ ಪ್ರತಿಕಾಯ ಇರಬಹುದು. ಹಾಗಾಗಿ ಹಿಂದೆ ರಕ್ತ ಏರಿಸಿದ್ದು, ಹೆರಿಗೆ, ಗರ್ಭಪಾತ ಯಾವುದನ್ನೂ ಮುಚ್ಚಿಡಬೇಡಿ. ಕಳೆದ ಮೂರು ತಿಂಗಳಲ್ಲಿ ರಕ್ತ ಪಡೆದಿದ್ದರೆ ಅಥವಾ ಬಸುರಿಯಾಗಿದ್ದರೆ ಮಾದರಿ 72 ಗಂಟೆಗಿಂತ ಹಳೆಯದಿರಬಾರದು.

ಮಾರಣಾಂತಿಕ ತಪ್ಪು ನಡೆಯುವುದು ಪ್ರಯೋಗಾಲಯದಲ್ಲಿ ಕಡಿಮೆ, ಹಾಸಿಗೆಯ ಪಕ್ಕದಲ್ಲೇ ಹೆಚ್ಚು. ಇಬ್ಬರು ರೋಗಿಗಳ ಟ್ಯೂಬು ಅದಲುಬದಲಾಗುವುದು, ಮೊದಲೇ ಹೆಸರು ಬರೆದಿಟ್ಟ ಟ್ಯೂಬಿಗೆ ಬೇರೆಯವರ ರಕ್ತ ತುಂಬುವುದು. ಒಂದೇ ವಾರ್ಡಿನಲ್ಲಿ ಇಬ್ಬರು ನಾಗವೇಣಿ ಹೆಗಡೆಯವರೋ ಮೂವರು ಮಂಜುನಾಥ ನಾಯ್ಕರೋ ಇರುವುದು ನಮ್ಮ ಕಡೆ ಅಪರೂಪವಲ್ಲ. ರಕ್ತ ತೆಗೆದ ತಕ್ಷಣ, ಹಾಸಿಗೆ ಬಿಟ್ಟು ಕದಲುವ ಮೊದಲೇ, ಪೂರ್ತಿ ಹೆಸರು, ಆಸ್ಪತ್ರೆ ನೋಂದಣಿ ಸಂಖ್ಯೆ, ತಾರೀಖು, ಸಮಯ ಬರೆಯಬೇಕು. ನರ್ಸ್ "ನಿಮ್ಮ ಹೆಸರು ಸುಮಿತ್ರಾನಾ?" ಎಂದು ಕೇಳಿದರೆ ಜ್ವರದಲ್ಲಿರುವವರು ಹೂಂ ಅನ್ನುತ್ತಾರೆ. "ನಿಮ್ಮ ಹೆಸರೇನು?" ಎಂದೇ ಕೇಳಬೇಕು. ಪಕ್ಕದಲ್ಲಿರುವ ನೀವೂ ಟ್ಯೂಬಿನ ಮೇಲಿನ ಹೆಸರು ಓದಿ ನೋಡಿ. ಯಾರೂ ಬೇಜಾರು ಮಾಡಿಕೊಳ್ಳುವ ವಿಷಯವಲ್ಲ.

ಬಾಂಬೆ ಗುಂಪು ಅಂದರೇನು?

ಎ, ಬಿ ಗುರುತು ಕೂರುವುದು ಎಚ್ ಎಂಬ ತಳಹದಿಯ ಮೇಲೆ. ಓ ಗುಂಪಿನವರಲ್ಲಿ ಆ ಎಚ್ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಅದೂ ಇಲ್ಲ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಇದನ್ನು ಗುರುತಿಸಿದ್ದರಿಂದ ಆ ಹೆಸರು. ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರು ಎಂಬ ಅಂದಾಜಿದೆ. ಬೇರೆ ದೇಶಗಳಿಗೆ ಹೋಲಿಸಿದರೆ ಇದು ಬಹಳ ಹೆಚ್ಚು.

ತೊಂದರೆ ಏನೆಂದರೆ ಕಣವನ್ನಷ್ಟೇ ಪರೀಕ್ಷಿಸಿದರೆ ಇವರು ಓ ಎಂದೇ ಕಾಣುತ್ತಾರೆ. ಆದರೆ ಇವರ ಪ್ಲಾಸ್ಮಾದಲ್ಲಿ ಎಚ್ ವಿರುದ್ಧದ ಪ್ರತಿಕಾಯ ಇರುವುದರಿಂದ ಓ ರಕ್ತವೂ ಆಗದು. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪಿನದೇ ಬೇಕು. ಸೀರಂ ಪರೀಕ್ಷೆಯಲ್ಲಿ ಓ ಕಣವನ್ನೂ ಸೇರಿಸಿ ನೋಡಿದರೆ ಇದು ಸಿಕ್ಕಿಬೀಳುತ್ತದೆ. ಬೀಳದಿದ್ದರೆ ಕ್ರಾಸ್‌ಮ್ಯಾಚಿನಲ್ಲಿ ಎಲ್ಲ ಓ ಬ್ಯಾಗುಗಳೂ ಗಂಟುಕಟ್ಟುತ್ತವೆ. "ನಿಮಗೆ ಯಾವ ಓ ರಕ್ತವೂ ಮ್ಯಾಚ್ ಆಗ್ತಿಲ್ಲ" ಎಂದು ಹೇಳಿದರೆ ಈ ಸಾಧ್ಯತೆಯನ್ನು ಕೇಳಿ, ರೋಗಿಯ ಅಣ್ಣತಮ್ಮ ಅಕ್ಕತಂಗಿಯರನ್ನು ಪರೀಕ್ಷೆಗೆ ಕರೆಸಿ. ಒಂದೇ ತಂದೆತಾಯಿಯ ಮಕ್ಕಳಲ್ಲಿ ಇನ್ನೊಬ್ಬರು ಸಿಗುವ ಸಾಧ್ಯತೆ ಹೊರಗಿಗಿಂತ ಎಷ್ಟೋ ಹೆಚ್ಚು. ತಂದೆ "ಓ" ಎಂದು ದಾಖಲಾಗಿ, ತಾಯಿಯೂ ಓ ಆಗಿ, ಮಗು ಎ ಅಥವಾ ಬಿ ಆದರೆ ಮನೆಯಲ್ಲಿ ಅನುಮಾನ ಎಬ್ಬಿಸುವ ಮೊದಲು ತಂದೆಯನ್ನು ಬಾಂಬೆ ಗುಂಪಿಗೆ ಪರೀಕ್ಷಿಸಿ.

ಹೊರಗಿನವರದು ಬೇಡ, ಸ್ವಂತ ಮಗನದೇ ರಕ್ತ ಹಾಕಿ ಅಂದರೆ ಆಗುವುದಿಲ್ಲವೇ?

ಮಮತೆಯ ಮಾತು ಸರಿ, ವೈದ್ಯಕೀಯವಾಗಿ ಅದು ಒಳ್ಳೆಯ ಆಯ್ಕೆಯಲ್ಲ. ಹತ್ತಿರದ ರಕ್ತಸಂಬಂಧಿಯ ಬಿಳಿ ಕಣಗಳನ್ನು ರೋಗಿಯ ಮೈ ಹೊರಗಿನದೆಂದು ಗುರುತಿಸದೆ ಬಿಡಬಹುದು. ಅವು ಒಳಗೇ ನೆಲೆಯೂರಿ ರೋಗಿಯ ಚರ್ಮ, ಕರುಳು, ಮಜ್ಜೆಯ ಮೇಲೆ ದಾಳಿ ಮಾಡುತ್ತವೆ. ಅಪರೂಪ, ಆದರೆ ಬಂದರೆ ಬದುಕುವವರು ಬಹಳ ಕಡಿಮೆ. ಬ್ಯಾಗಿಗೆ 25 ಗ್ರೇ ವಿಕಿರಣ ಹಾಯಿಸಿದರೆ ತಡೆಯಬಹುದು. ಆ ಯಂತ್ರ ದೊಡ್ಡ ಕೇಂದ್ರಗಳಲ್ಲಿ ಮಾತ್ರ. ಮಗ ಕೊಡಲಿ, ಅದು ಕಪಾಟು ಸೇರಲಿ, ಅಪ್ಪನಿಗೆ ಬೇರೆ ಬ್ಯಾಗು ಹೋಗಲಿ.

ದಾನಿ ಇಲ್ಲೇ ಇದ್ದಾರೆ, ತೆಗೆದು ತಕ್ಷಣ ಹಾಕಬಹುದಲ್ಲ?

ಆಗುವುದಿಲ್ಲ. ಪ್ರತಿ ಬ್ಯಾಗಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಗುಂಪು, ಕ್ರಾಸ್‌ಮ್ಯಾಚ್ ಸೇರಿದರೆ ಕೆಲವು ಗಂಟೆ ಬೇಕೇಬೇಕು. ರಾತ್ರಿ ಒಂದು ಗಂಟೆಗೆ ಬಂದ ದಾನಿಯ ರಕ್ತ ಬೆಳಗಿನ ರೋಗಿಗೆ ಆಗುತ್ತದೆ, ಒಂದೂವರೆ ಗಂಟೆಯ ರೋಗಿಗೆ ಆಗುವುದಿಲ್ಲ. ಆ ರೋಗಿಯನ್ನು ಉಳಿಸುವುದು ಮೂರು ದಿನದ ಹಿಂದೆ ಯಾರೋ ಕೊಟ್ಟು ಕಪಾಟಿನಲ್ಲಿದ್ದ ಬ್ಯಾಗು.

ತಾಲೂಕು ಆಸ್ಪತ್ರೆಯಲ್ಲಿ ರಕ್ತ ಸಿಗುತ್ತದೆಯೇ?

ರಕ್ತ ಕೇಂದ್ರ ಮತ್ತು ರಕ್ತ ಶೇಖರಣಾ ಘಟಕ ಬೇರೆ ಬೇರೆ. ಹಿಂದೆ ಬ್ಲಡ್ ಬ್ಯಾಂಕ್ ಎನ್ನುತ್ತಿದ್ದುದೇ ಈಗಿನ ರಕ್ತ ಕೇಂದ್ರ, ಅಲ್ಲಿ ದಾನಿಯಿಂದ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಶೇಖರಣಾ ಘಟಕ ದೊಡ್ಡ ಕೇಂದ್ರದಿಂದ ತಂದ ಬ್ಯಾಗುಗಳನ್ನು ಇಟ್ಟುಕೊಂಡು ಕ್ರಾಸ್‌ಮ್ಯಾಚ್ ಮಾಡಿ ಕೊಡುತ್ತದೆ, ಅಲ್ಲಿ ರಕ್ತದಾನ ನಡೆಯುವುದಿಲ್ಲ. ದಾನಿಗಳನ್ನು ಕರೆದುಕೊಂಡು ಹೋಗಿ ವಾಪಸ್ ಬರುವವರು ಈ ವ್ಯತ್ಯಾಸ ತಿಳಿಯದವರೇ.

ಬ್ಯಾಗು ತರಲು ಹೋಗುವಾಗ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಬೈಕಿನ ಡಿಕ್ಕಿಯಲ್ಲಿಡಬೇಡಿ. ಕೆಂಪು ಕಣಕ್ಕೆ ದಾರಿಯುದ್ದಕ್ಕೂ 2ರಿಂದ 10 ಡಿಗ್ರಿ ಇರಬೇಕು. ಒಳ್ಳೆಯ ಶೀತಪೆಟ್ಟಿಗೆ, ತಂಪು ಪ್ಯಾಕು, ನಡುವೆ ರಟ್ಟು ಅಥವಾ ಬಟ್ಟೆ. ಮೀನಿನ ಐಸ್ ಬಾಕ್ಸಿನಂತೆ ಬ್ಯಾಗನ್ನು ನೇರ ಮಂಜುಗಡ್ಡೆಗೆ ತಾಗಿಸಿದರೆ ಕಣ ಹೆಪ್ಪುಗಟ್ಟಿ ಒಡೆಯುತ್ತದೆ. ಒಡೆದ ಕಣ ಏರಿಸಿದರೆ ಮೂತ್ರಪಿಂಡಕ್ಕೆ ಪೆಟ್ಟು. ಪ್ಲೇಟ್‌ಲೆಟ್‌ಗೆ ಐಸ್ ಮುಟ್ಟಿಸಲೇಬಾರದು. ಪ್ಲಾಸ್ಮಾ ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಬರಬೇಕು, ಆಗ ಚೀಲ ಗಾಜಿನ ಹಾಗೆ ಬಿರುಸು, ಕೈತಪ್ಪಿ ಬಿದ್ದರೆ ಬಿರುಕು ಬಿಡುತ್ತದೆ.

ಮಳೆಗಾಲದಲ್ಲಿ ದಾರಿಯ ಲೆಕ್ಕ ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು 66ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ದೇವಿಮನೆ, ಅರಬೈಲ್ ಘಟ್ಟಗಳೂ ಜೋರು ಮಳೆಯಲ್ಲಿ ನಂಬಿಕೆಯ ದಾರಿಗಳಲ್ಲ. ಗೊತ್ತುಪಡಿಸಿದ ಆಪರೇಷನ್ ಇದ್ದರೆ ಎರಡು ದಿನ ಮೊದಲೇ ಕ್ರಾಸ್‌ಮ್ಯಾಚ್ ಮಾಡಿಸಿ ಬ್ಯಾಗು ಕಾಯ್ದಿರಿಸಿಕೊಳ್ಳಿ.

ರಕ್ತ ಏರಿಸುವಾಗ ಪಕ್ಕದಲ್ಲಿ ಕೂತವರು ಏನು ಗಮನಿಸಬೇಕು?

ಬ್ಯಾಗಿನ ಮೇಲಿನ ಹೆಸರು, ಗುಂಪು, ಬ್ಯಾಗು ಸಂಖ್ಯೆ, ಅವಧಿ ಮುಗಿಯುವ ತಾರೀಖು ಕ್ರಾಸ್‌ಮ್ಯಾಚ್ ವರದಿಗೆ ಹೊಂದಬೇಕು. ಇಬ್ಬರು ಸಿಬ್ಬಂದಿ ಜೋರಾಗಿ ಓದಿ ತಾಳೆ ನೋಡುವುದು ಪದ್ಧತಿ. ಫ್ರಿಜ್‌ನಿಂದ ತೆಗೆದ ಅರ್ಧ ಗಂಟೆಯೊಳಗೆ ಶುರುವಾಗಬೇಕು, ಶುರುವಾದ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ತಣ್ಣಗಿದೆ ಎಂದು ಬಿಸಿನೀರಿನಲ್ಲಿಡುವುದು, ಬಿಸಿಲಿಗೆ ಹಿಡಿಯುವುದು ಕೂಡದು. ಜಾಲರಿ ಇರುವ ರಕ್ತದ ಸೆಟ್ಟೇ ಬೇಕು, ಗ್ಲೂಕೋಸ್ ಸೆಟ್ ನಡೆಯುವುದಿಲ್ಲ. ಅದೇ ನಳಿಕೆಯಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಸೇರಬಾರದು: ರಿಂಗರ್ ಲ್ಯಾಕ್ಟೇಟಿನ ಕ್ಯಾಲ್ಸಿಯಂ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ, ಡೆಕ್ಸ್ಟ್ರೋಸ್ ಕಣಗಳನ್ನು ಒಡೆಯುತ್ತದೆ.

ಮೊದಲ 15 ನಿಮಿಷ ನಿಧಾನವಾಗಿ ಬಿಡುತ್ತಾರೆ. ಆ ಹೊತ್ತಿನಲ್ಲಿ ಚಹಾ ಕುಡಿಯಲು ಹೋಗಬೇಡಿ. ಚಳಿ ನಡುಕ, ಜ್ವರ, ಸೊಂಟ ಅಥವಾ ಪಕ್ಕೆ ನೋವು, ಸೂಜಿ ಚುಚ್ಚಿದ ಜಾಗದಲ್ಲಿ ಉರಿ, ಎದೆ ಬಿಗಿತ, ಉಸಿರು ಕಟ್ಟಿದಂತಾಗುವುದು, ಮೈತುಂಬ ದದ್ದು, ಕಪ್ಪು ಚಹಾ ಬಣ್ಣದ ಮೂತ್ರ, "ಏನೋ ಆಗ್ತಾ ಇದೆ" ಎಂಬ ಗಾಬರಿ, ಇವುಗಳಲ್ಲಿ ಒಂದು ಕಂಡರೂ ನರ್ಸನ್ನು ಕೂಗಿ. ಅವರು ರಕ್ತ ನಿಲ್ಲಿಸಿ, ಸೆಟ್ ಬದಲಿಸಿ, ಸಲೈನ್ ಹಚ್ಚಿ ನಾಳ ತೆರೆದಿಡುತ್ತಾರೆ. ಉಳಿದ ಬ್ಯಾಗು ಮತ್ತು ಹೊಸ ಮಾದರಿ ರಕ್ತ ಕೇಂದ್ರಕ್ಕೆ ವಾಪಸ್ ಹೋಗಬೇಕು, ಕಸದ ಬುಟ್ಟಿಗಲ್ಲ. ಬರೀ ತುರಿಕೆ, ಸಣ್ಣ ಜ್ವರ ಆದರೆ ಔಷಧ ಕೊಟ್ಟು ವೈದ್ಯರು ಮುಂದುವರಿಸಬಹುದು. ಆ ನಿರ್ಧಾರ ಅವರದು. ವಯಸ್ಸಾದವರಲ್ಲಿ, ಹೃದಯ ದುರ್ಬಲ ಇರುವವರಲ್ಲಿ ವೇಗವಾಗಿ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮಲಗಲಾಗದೆ ಎದ್ದು ಕೂರುತ್ತಾರೆ. ಅದನ್ನು ಸುಸ್ತು ಎಂದುಕೊಳ್ಳಬೇಡಿ.

ಹಿಮೋಗ್ಲೋಬಿನ್ 8 ಇದೆ. ಒಂದು ಬಾಟಲಿ ಹಾಕಿಸಿದರೆ ಸಾಕಲ್ಲ?

ವಯಸ್ಕರಲ್ಲಿ ಒಂದು ಯುನಿಟ್ ಕೆಂಪು ಕಣ ಹಿಮೋಗ್ಲೋಬಿನ್ನನ್ನು ಸುಮಾರು 1 ಗ್ರಾಂ ಏರಿಸುತ್ತದೆ. ರಕ್ತಸ್ರಾವ ಇಲ್ಲದೆ, ಹೃದಯ ಗಟ್ಟಿಯಿದ್ದು, ನಡೆದಾಡುವವರಿಗೆ 8 ಇದ್ದಾಗ ರಕ್ತ ಬೇಕಾಗುವುದು ಕಡಿಮೆ. ಕಬ್ಬಿಣದ ಮಾತ್ರೆ ಅಥವಾ ನಾಳದ ಮೂಲಕ ಕಬ್ಬಿಣ, ಜಂತುಹುಳದ ಔಷಧ, ಮುಟ್ಟಿನ ತೊಂದರೆಗೆ ಚಿಕಿತ್ಸೆ ಕೆಲಸ ಮಾಡುತ್ತವೆ. ಮಾತ್ರೆ ತಗೊಂಡು ಮೇಲೆ ಚಹಾ ಕುಡಿದರೆ ಅರ್ಧ ಹೀರಿಕೆಯೇ ಆಗುವುದಿಲ್ಲ. ಲಿಂಬೆ, ನೆಲ್ಲಿ ಜೊತೆ ಆದರೆ ಒಳ್ಳೆಯದು. ಹರಿವೆ ಸೊಪ್ಪು, ಮೀನು, ಬಳಚು (ಚಿಪ್ಪಿನ ಮೀನು) ತಿನ್ನಿ, ಆದರೆ ಊಟ ಮಾತ್ರೆಯ ಬದಲಿ ಅಲ್ಲ. ಜೋನಿ ಬೆಲ್ಲ ನೆಚ್ಚಿಕೊಂಡು ಮಾತ್ರೆ ಬಿಟ್ಟವರ ಹಿಮೋಗ್ಲೋಬಿನ್ ಏರುವುದಿಲ್ಲ.

ಡೆಂಗ್ಯೂ, ಪ್ಲೇಟ್‌ಲೆಟ್ 40,000. ಈಗಲೇ ಹಾಕಿಸಬೇಕೇ?

ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಬೇಡ. 10,000ಕ್ಕಿಂತ ಕೆಳಗಿಳಿದಾಗ ಅಥವಾ ರಕ್ತ ಒಸರುವಾಗ ಯೋಚಿಸುತ್ತಾರೆ. ಡೆಂಗ್ಯೂದಲ್ಲಿ ಕೊಲ್ಲುವುದು ಹೆಚ್ಚಾಗಿ ಪ್ಲಾಸ್ಮಾ ಸೋರಿ ರಕ್ತದೊತ್ತಡ ಕುಸಿಯುವುದು. ಜ್ವರ ಬಿಟ್ಟ ನಂತರದ ಒಂದೆರಡು ದಿನ, ಹೊಟ್ಟೆನೋವು, ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದರ ಮೇಲೆ ಕಣ್ಣಿಡಿ. ಸಂಖ್ಯೆಯನ್ನಷ್ಟೇ ನೋಡುತ್ತ ಕೂತರೆ ಇದು ತಪ್ಪಿಹೋಗುತ್ತದೆ.

ಸಾಮಾನ್ಯ ಒಂದು ಚೀಲ ಪ್ಲೇಟ್‌ಲೆಟ್ 5,000ದಿಂದ 10,000 ಏರಿಸುತ್ತದೆ. ಯಂತ್ರದ ಮೂಲಕ ಒಬ್ಬರಿಂದಲೇ ತೆಗೆದದ್ದು 30,000ದಿಂದ 50,000. ಅದಕ್ಕೆ ದಾನಿ ಒಂದರಿಂದ ಒಂದೂವರೆ ಗಂಟೆ ಮಲಗಬೇಕು, ಅವರ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿರಬೇಕು, ಮೂರು ದಿನದಿಂದ ಆಸ್ಪಿರಿನ್ ತಗೊಂಡಿರಬಾರದು.

ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಜ್ವರ ಬಂದರೆ ಡೆಂಗ್ಯೂ ಒಂದನ್ನೇ ಹಿಡಿದುಕೊಳ್ಳಬೇಡಿ. ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಸ್ರಾವ ಆಗಬಹುದು. ಕಾಡಿಗೆ ಹೋಗಿದ್ದು, ಉಣ್ಣೆ (ಉಣುಗು) ಕಚ್ಚಿದ್ದು, ಹತ್ತಿರದಲ್ಲಿ ಮಂಗ ಸತ್ತದ್ದು ವೈದ್ಯರಿಗೆ ಹೇಳಿ. ಎರಡರಲ್ಲೂ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ.

ಹಾವು ಕಚ್ಚಿ ರಕ್ತ ನಿಲ್ಲುತ್ತಿಲ್ಲ. ರಕ್ತ ಏರಿಸಿದರೆ ಸರಿಹೋಗುತ್ತದೆಯೇ?

ಕೊಳಕುಮಂಡಲದ ವಿಷ ಹೆಪ್ಪುಗಟ್ಟಿಸುವ ಪ್ರೋಟೀನನ್ನು ತಿಂದುಹಾಕುತ್ತದೆ. ಮೈಯಲ್ಲಿ ವಿಷ ಇರುವವರೆಗೆ ಪ್ಲಾಸ್ಮಾ ಹಾಕಿದರೆ ಅದನ್ನೂ ತಿನ್ನುತ್ತದೆ. ಮೊದಲ ಮದ್ದು ಪ್ರತಿವಿಷ. ವಾರ್ಡಿನಲ್ಲಿ ಮಾಡುವ ಪರೀಕ್ಷೆ ಸರಳ: ಸ್ವಚ್ಛ ಒಣ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ವಾಲಿಸುತ್ತಾರೆ. ಗಟ್ಟಿಯಾಗದೆ ಹರಿದರೆ ವಿಷ ರಕ್ತಕ್ಕೆ ತಟ್ಟಿದೆ. ಪ್ಲಾಸ್ಟಿಕ್ ಟ್ಯೂಬು ಅಥವಾ ಸೋಪಿನಲ್ಲಿ ತೊಳೆದ ಟ್ಯೂಬು ಆದರೆ ಆರೋಗ್ಯವಂತರ ರಕ್ತವೂ ಗಟ್ಟಿಯಾಗದೆ ದಾರಿ ತಪ್ಪಿಸುತ್ತದೆ. ಮಲೆನಾಡಿನ ಗುಳಿಮಂಡಲಗಳಿಗೆ ಈಗಿನ ಪ್ರತಿವಿಷ ತಯಾರಾಗಿಲ್ಲ. ಅದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ.

ಯಾರು ರಕ್ತ ಕೊಡಬಹುದು?

18ರಿಂದ 65 ವರ್ಷ, ಮೊದಲ ಸಲದವರಾದರೆ 60ರೊಳಗೆ. ತೂಕ 45 ಕಿಲೋ ಅಥವಾ ಮೇಲೆ, ಹಿಮೋಗ್ಲೋಬಿನ್ 12.5 ಅಥವಾ ಮೇಲೆ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ. ಶಿಬಿರದಲ್ಲಿ ನೀಲಿ ದ್ರಾವಣಕ್ಕೆ ಬೆರಳಿನ ಒಂದು ಹನಿ ಬಿಡುವುದು ಹಿಮೋಗ್ಲೋಬಿನ್ ನೋಡಲಿಕ್ಕೆ. ಅದು 1.053 ಸಾಂದ್ರತೆಯ ಮೈಲುತುತ್ತದ ನೀರು. ಹನಿ ಸೀದಾ ತಳಕ್ಕಿಳಿದರೆ ಪಾಸು, ನಡುವೆ ತೇಲಿದರೆ ಅಥವಾ ಮೇಲೆದ್ದರೆ ಇವತ್ತು ಬೇಡ.

ಹಚ್ಚೆ ಹಾಕಿಸಿದ್ದರೆ 12 ತಿಂಗಳು, ಮಲೇರಿಯಾ ಗುಣವಾದ ಮೇಲೆ 3 ತಿಂಗಳು, ಡೆಂಗ್ಯೂ ಗುಣವಾದ ಮೇಲೆ 6 ತಿಂಗಳು, ಹಲ್ಲು ಕೀಳಿಸಿದ್ದರೆ 6 ತಿಂಗಳು, ನಾಯಿ ಕಚ್ಚಿ ಲಸಿಕೆ ಪಡೆದಿದ್ದರೆ ಒಂದು ವರ್ಷ ಕಾಯಬೇಕು. ಹೆಪಟೈಟಿಸ್ ಬಿ ಅಥವಾ ಸಿ ಆಗಿದ್ದವರು ಎಂದಿಗೂ ಕೊಡುವಂತಿಲ್ಲ. ಹೆರಿಗೆಯಾಗಿ ವರ್ಷದೊಳಗಿನವರು, ಹಾಲೂಡಿಸುವ ತಾಯಂದಿರು ಬೇಡ. ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ. ಸಕ್ಕರೆಗೆ ಬರೀ ಮಾತ್ರೆ ಇದ್ದು, ನಾಲ್ಕು ವಾರದಿಂದ ಪ್ರಮಾಣ ಬದಲಾಗದಿದ್ದರೆ ಕೊಡಬಹುದು.

ಸೋಂಕು ತಗುಲಿದ ಮೊದಲ ಕೆಲವು ದಿನ, ವಾರ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಪ್ರಶ್ನಾವಳಿಗೆ ಸುಳ್ಳು ಬರೆಯಬೇಡಿ. ಗೆಳೆಯರೆದುರು ಹೇಳಲು ಮುಜುಗರವಾದರೆ ಕೌನ್ಸೆಲರ್ ಹತ್ತಿರ ಬೇರೆಯಾಗಿ ಹೇಳಿ ಹಿಂತಿರುಗಿ.

ಕೊಡುವ ದಿನ, ಕೊಟ್ಟ ಮೇಲೆ ಏನು ಪಾಲಿಸಬೇಕು?

ನಾಲ್ಕು ಗಂಟೆಯೊಳಗೆ ಊಟತಿಂಡಿ ಆಗಿರಬೇಕು, ಏಕಾದಶಿ ಉಪವಾಸದಲ್ಲಿ ಬರಬೇಡಿ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ನೇರ ಶಿಬಿರಕ್ಕೆ ಬಂದವರಿಗೆ ತಲೆ ಸುತ್ತುವುದು ಖಂಡಿತ. ಎರಡು ಲೋಟ ನೀರು ಕುಡಿಯಿರಿ. ತೆಗೆಯಲು ಹಿಡಿಯುವುದು 5ರಿಂದ 10 ನಿಮಿಷ. ಆಮೇಲೆ 15 ನಿಮಿಷ ಅಲ್ಲೇ ಕೂರಿ, ಕೊಟ್ಟ ಜ್ಯೂಸು ಬಿಸ್ಕತ್ತು ಬಿಡಬೇಡಿ. ಹತ್ತಿ ಒತ್ತಿಟ್ಟುಕೊಂಡು ಕೈ ನೇರವಾಗಿಡಿ. ಮೊಣಕೈ ಮಡಚಿದರೆ ಒಳಗೆ ರಕ್ತ ಒಸರಿ ಹಸಿರುಗಟ್ಟುತ್ತದೆ. ತಲೆ ಸುತ್ತಿದರೆ ತಕ್ಷಣ ಮಲಗಿ ಕಾಲು ಎತ್ತರಿಸಿ. ಹೋದ ದ್ರವ ಒಂದೆರಡು ದಿನದಲ್ಲಿ ತುಂಬುತ್ತದೆ, ಕೆಂಪು ಕಣಕ್ಕೆ ಒಂದೆರಡು ತಿಂಗಳು ಬೇಕು.

ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಆ ದಿನ ಮರ ಹತ್ತಬಾರದು, ಮೀನುಗಾರರು ಕಡಲಿಗಿಳಿಯಬಾರದು, ಬಸ್ಸು ಲಾರಿ ಚಾಲಕರು 24 ಗಂಟೆ ಗಾಡಿ ಮುಟ್ಟಬಾರದು. ಜೂನ್, ಜುಲೈನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬೋಟಿನವರು ಊರಲ್ಲೇ ಇರುತ್ತಾರೆ. ಕಾಲೇಜು ರಜೆ ಮುಗಿಯುವ ಹೊತ್ತಿಗೆ ಕಪಾಟು ಬರಿದಾಗಿರುತ್ತದೆ, ಡೆಂಗ್ಯೂ ಏರುತ್ತಿರುತ್ತದೆ. ಬಂದರಿನಲ್ಲಿ ಶಿಬಿರ ಇಡುವವರು ಆ ಎರಡು ತಿಂಗಳನ್ನೇ ಆರಿಸಿಕೊಂಡರೆ ಚೆನ್ನ.

ರಕ್ತಕ್ಕೆ ದುಡ್ಡು ಕೇಳುತ್ತಾರಲ್ಲ, ಅದು ಸರಿಯೇ?

ರಕ್ತ ಮಾರುವಂತಿಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಬಳಿಕ 1998ರ ಜನವರಿ 1ರಿಂದ ಹಣ ಪಡೆದು ರಕ್ತ ಕೊಡುವುದು ದೇಶದಲ್ಲಿ ನಿಷಿದ್ಧ. ಕೇಂದ್ರ ತೆಗೆದುಕೊಳ್ಳುವುದು ಚೀಲ, ಪರೀಕ್ಷೆ, ಶೇಖರಣೆಯ ಸಂಸ್ಕರಣಾ ಶುಲ್ಕ. ಅದಕ್ಕೆ ಮಿತಿ ಇದೆ: 2024ರ ಆರಂಭದಲ್ಲಿ ಔಷಧ ನಿಯಂತ್ರಕರು ನೆನಪಿಸಿದ ದರದಂತೆ ಕೆಂಪು ಕಣ ಅಥವಾ ಪೂರ್ಣ ರಕ್ತಕ್ಕೆ ಹೆಚ್ಚೆಂದರೆ 1,550 ರೂಪಾಯಿ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ಗೆ ಚೀಲಕ್ಕೆ 400. ವಿಶೇಷ ಪರೀಕ್ಷೆಗಳಿಗೆ ಬೇರೆ ಶುಲ್ಕ ಇರಬಹುದು, ರಸೀದಿಯಲ್ಲಿ ಅದು ಬೇರೆಯಾಗಿ ಕಾಣಬೇಕು. ಥಲಸ್ಸೀಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ ರೋಗಿಗಳಿಗೆ ಸರ್ಕಾರಿ ಕೇಂದ್ರದಲ್ಲಿ ಶುಲ್ಕವಿಲ್ಲ, ರೋಗದ ದಾಖಲೆ ಜೊತೆಗೆ ಒಯ್ಯಿರಿ. ಆಸ್ಪತ್ರೆ ಗೇಟಿನ ಹತ್ತಿರ "ದಾನಿ ಕರೆಸ್ತೇನೆ, ಇಷ್ಟು ಕೊಡಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದುಡ್ಡಿಗಾಗಿ ಬರುವವರು ಪ್ರಶ್ನಾವಳಿಗೆ ನಿಜ ಬರೆಯುವುದಿಲ್ಲ.